ಪರೀಕ್ಷಕರ ಬಿ.ಪಿ.

ಟೈಲರ್: ಮತ್ತೆ ಅದೇ ತಪ್ಪು ಕಣೇ! ಪ್ರಶ್ನೆ ಕೇಳೋನು ನಾನು. ನೀನು ಉತ್ತರ ಹೇಳ್ಬೇಕು, ಅಷ್ಟೇ.

ನರ್ಸ್: ಇಪ್ಪತ್ತು ವರ್ಷದಿಂದ ವಾರ್ಡಲ್ಲಿ ಪ್ರಶ್ನೆ ಕೇಳ್ತಿರೋಳು ನಾನು ಕಣ್ರೀ. ಬಾಯಿ ತಾನಾಗೇ ಆ ಕಡೆ ಹೋಗತ್ತೆ.

ಇವರು ಗಂಡ ಹೆಂಡತಿ. ನಾಳೆ ಹತ್ತು ಗಂಟೆಗೆ ಆಕೆಗೆ ಇಂಗ್ಲಿಷ್ ಮಾತಿನ ಪರೀಕ್ಷೆ, ಮೂರನೇ ಸಲ. ಎರಡು ನಿಮಿಷ ತಡವರಿಸದೆ ಮಾತಾಡಿದರೆ ಪಾಸು. ಈ ಸಲವೂ ಫೇಲಾದರೆ ದೊಡ್ಡ ಆಸ್ಪತ್ರೆಯ ಹೆಡ್ ನರ್ಸ್ ಕೆಲಸ ಕೈತಪ್ಪಿದ ಹಾಗೆಯೇ. ಹೆದರಿ ಅರ್ಧ ಆಗಿಹೋಗಿದ್ದಾಳೆ, ಪಾಪ. ಗಂಡ ಯಾರೋ ಗಿರಾಕಿಯ ಕೋಟು ತೊಟ್ಟು, ಹೊಲಿಗೆ ಮಿಷನ್ನಿನ ಆಚೆ ಪರೀಕ್ಷಕನಾಗಿ ಕೂತಿದ್ದಾನೆ. ಅಭ್ಯಾಸ ನಡೆದದ್ದು ಇಂಗ್ಲಿಷಿನಲ್ಲೇ. ಗಂಡನ ಇಂಗ್ಲಿಷಿನಿಂದ ಓದುಗರಿಗೆ ಅಪಾಯವಾಗದಿರಲಿ ಎಂದು ಕನ್ನಡದಲ್ಲಿ ಕೊಟ್ಟಿದ್ದೇನೆ.

ಟೈಲರ್: ನಿಮ್ಮ ಮನೆ ಬಗ್ಗೆ ಹೇಳಿ.

ನರ್ಸ್: ಮನೆ... ಮನೆ ಚೆನ್ನಾಗಿದೆ. (ತಡವರಿಸಿ) ನಿಮಗೆ ನಿದ್ದೆ ಸರಿಯಾಗಿ ಬರತ್ತಾ?

ಟೈಲರ್: ನನ್ನ ನಿದ್ದೆ ವಿಷಯ ಬಿಡಿ! ಬಿಡುವಿದ್ದಾಗ ಏನು ಮಾಡ್ತೀರಿ?

ನರ್ಸ್: ಬಿಡುವು... ಬಿಡುವಿದ್ದಾಗ... ಎಲ್ಲಿ, ನಾಲಿಗೆ ಚಾಚಿ.

ಆತ ಚಾಚಿದ. ಹದಿನೆಂಟು ವರ್ಷದ ಸಂಸಾರ, ಹೇಳಿದ್ದು ಮಾಡಿ ಅಭ್ಯಾಸ.

ನರ್ಸ್: ಬಿಳಿ ಕಟ್ಟಿದೆ. ಹೊಟ್ಟೆ ಕೆಟ್ಟು ಎಷ್ಟು ದಿನ ಆಯ್ತು?

ಟೈಲರ್: ನಾಲ್ಕು... ಲೇ! ಇಲ್ಲಿ ಪರೀಕ್ಷಕ ಯಾರೇ?

ನರ್ಸ್: ಪರೀಕ್ಷಕರು ಹೀಗೆ ಕೂಗಾಡಬಾರದು. ಕೈ ಕೊಡಿ.

ಕೋಟಿನ ತೋಳು ಮೇಲೇರಿತು, ಬಿ.ಪಿ. ಪಟ್ಟಿ ಬಿಗಿಯಿತು.

ನರ್ಸ್: ನೂರ ಅರವತ್ತು! ಕದ್ದು ಉಪ್ಪು ತಿಂತಿದೀರಾ?

ಟೈಲರ್: ಮೊಟ್ಟೆ ಮೇಲೆ ಚೂರೇ ಚೂರು ಉದುರಿಸ್ಕೋತೀನಿ...

ಅಲ್ಲಿಗೆ ಕಟ್ಟೆ ಒಡೆಯಿತು. ಉಪ್ಪು, ಸಿಗರೇಟು, ದಿನವಿಡೀ ಕೂತೇ ಇರುವ ಚಾಳಿ, ಇದೇ ಕಾಯಿಲೆಯಲ್ಲಿ ಹೋದ ಮಾವ, ಮಾವನ ತಮ್ಮ, ತಾನು ಒಂಟಿಯಾದರೆ ಗತಿ ಏನು ಎನ್ನುವ ದಿಗಿಲು, ಎಲ್ಲವೂ ಇಂಗ್ಲಿಷಿನಲ್ಲಿ ಧಾರಾಕಾರವಾಗಿ ಸುರಿದವು. ಆತ ತಲೆ ತಗ್ಗಿಸಿ ಕೈಗಡಿಯಾರವನ್ನೇ ನೋಡುತ್ತಿದ್ದ.

ಟೈಲರ್ (ಎದ್ದು ಕುಣಿದು, ಕನ್ನಡದಲ್ಲಿ): ಎರಡು ನಿಮಿಷ ಹತ್ತು ಸೆಕೆಂಡು! ಎಲ್ಲೂ ತಡವರಿಸ್ಲಿಲ್ಲ ಕಣೇ! ನಾಳೆ ಹೀಗೇ ಮಾತಾಡು, ಪಾಸು!

ನರ್ಸ್ (ಕಣ್ಣೊರೆಸಿಕೊಂಡು): ನಿಜವಾಗ್ಲೂ?

ಟೈಲರ್: ನಿನ್ನಾಣೆ. ಆದ್ರೆ ಒಂದೇ ಯೋಚನೆ. ಆ ಪರೀಕ್ಷಕ ಗಟ್ಟಿಮುಟ್ಟಾಗಿದ್ರೆ ಏನೇ ಮಾಡ್ತೀಯ?

ಆಕೆ ಬಿ.ಪಿ. ಮಿಷನ್ನನ್ನು ಕೈಚೀಲಕ್ಕೆ ಹಾಕಿಕೊಂಡಳು.

ನರ್ಸ್: ಎರಡು ಸಲ ನೋಡಿದೀನಲ್ಲ, ಐವತ್ತು ದಾಟಿರೋ ಗಂಡಸು. ಹುಡುಕಿದ್ರೆ ಏನಾದ್ರೂ ಸಿಕ್ಕೇ ಸಿಗತ್ತೆ ಬಿಡಿ.