ಪಂಪಿಗೆ ಉಡಿ ತುಂಬಿ ಕಳಿಸಿದ್ದು

ನಮ್ಮ ಸೋದರಮಾವನ ಪ್ರಕಾರ ಬೆಳಗಾವಿ ಇರುವುದು ಸಮುದ್ರದ ದಂಡೆಯಲ್ಲಿ! ನಗಬೇಡಿ. ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆ ನಡೆಸುವವರು, ನಕಾಶೆ ನೋಡಿಲ್ಲವೆಂದಲ್ಲ. "ಗೋವಾದ ಬಂದರ ಅಂದ್ರ ನಮ್ಮೂರ ಅಗಸಿ ಬಾಗಲಾ. ನಡುವ ಒಂದೀಟ ಘಾಟ ಬಂದೈತಿ, ಅಷ್ಟ" ಎನ್ನುತ್ತಾರೆ.

ಹೊಳೆಯೆಂದರೆ ಅವರಿಗೆ ಟೋಲಿಲ್ಲದ ರಸ್ತೆ. ಖಾನಾಪುರದ ಸೇತುವೆ ಬಂದರೆ ಕಾರು ನಿಲ್ಲಲೇಬೇಕು. ಒಮ್ಮೆ ಮಲಪ್ರಭೆಗೆ ಇಳಿದು, ಕೋಲು ಹಾಕಿ ಆಳ ನೋಡಿದರು.

"ಇಲ್ಲೆ ದೋಣ್ಯಾಗ ಮಾಲ ಹಾಕಿದ್ರ, ಕೃಷ್ಣಾ ಹಿಡಕೊಂಡು ಸೀದಾ ಮೂಡಣ ಸಮುದ್ರಕ್ಕ! ಡೀಸೆಲ್ ಎಷ್ಟ ಉಳಿತೈತಿ ನೋಡು!"

ಅತ್ತೆ ಕಾರಿನಿಂದಲೇ ಕೂಗಿದರು: "ಆ ಎಮ್ಮಿ ನಿಂತೈತಿ ನೋಡ್ರಿ, ಅದರ ಹೊಟ್ಟಿ ಸೈತ ತೊಯ್ದಿಲ್ಲ. ನಿಮ್ಮ ದೋಣಿ ಹೆಂಗ ಹೋಗತೈತಿ?"

ನನ್ನ ದಿನಚರಿಯಲ್ಲೂ ಎಮ್ಮೆ ಎಂದೇ ಇದೆ. ನೆನಪಿನಲ್ಲಿ ಮಾತ್ರ ಅದು ಕೋಣ. ಯಾವುದನ್ನು ನಂಬಲಿ? ಹೊಟ್ಟೆ ಒಣಗಿತ್ತು, ಅದಷ್ಟೇ ಖಚಿತ.

ಇಂಥ ಮಾವನಿಗೆ ಮೊದಲ ಸಲ ಹೊರದೇಶದ ಆರ್ಡರ್ ಬಂತು. ಒಂದು ಕಂಟೇನರ್ ತುಂಬ ಪಂಪಿನ ಬಿಡಿಭಾಗ! ಕೊಂಡವರಿಗೆ ಮಾಲು ಒಪ್ಪಿಗೆಯಾದರೆ ಕಾರ್ಖಾನೆಗೆ ವರ್ಷವಿಡೀ ಕೆಲಸ. ಗೋವಾದಲ್ಲಿ ಮಾಲು ಹಡಗು ಹತ್ತಿದ್ದೇ ತಡ, ಮಾವ ಮೊಬೈಲಿನ ನಕಾಶೆಯಲ್ಲಿ ಹಡಗಿನ ಚುಕ್ಕೆ ನೋಡುತ್ತಲೇ ಊಟಕ್ಕೆ ಕೂರತೊಡಗಿದರು.

"ನಮ್ಮ ಹಡಗ ಈಗ ಬಲಕ್ಕ ಹೊಳ್ಳಿತು!"

"ನೀವೂ ತಾಟಿನ ಕಡೆ ಹೊಳ್ರಿ, ಸಾರು ಅಂಗಿ ಮ್ಯಾಲ ಬೀಳಾಕತ್ತೈತಿ!"

ಹಡಗು ಮುಟ್ಟಿತು; ಕಂಟೇನರ್ ಮಾತ್ರ ಆಚೆಯ ಬಂದರಿನಲ್ಲೇ ಸಿಕ್ಕಿಬಿತ್ತು. ಬಾಗಿಲು ತೆರೆದರೆ ಎದುರಿಗೇ ಖಣದ ಗಂಟು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು! ತವರಿನಿಂದ ಹೊರಟ ಮಗಳಿಗೆ ಉಡಿ ತುಂಬುತ್ತೇವಲ್ಲ, ಹಾಗೆ. ಪರದೇಶದ ಕಾಳುಕಡಿಯ ಜೊತೆ ಹುಳ ಬಂದೀತೆಂದು ಅಲ್ಲಿಯವರಿಗೆ ಭಯ. ಇಡೀ ಮಾಲನ್ನೇ ವಾಪಸ್ ಕಳಿಸುವ ಮಾತು ಬಂತು. ಮಾವ ಊಟ ಬಿಟ್ಟು ಫೋನು ಹಿಡಿದರು. ಗಂಟು ಇಟ್ಟವರು ತಾವೇ, ತಪ್ಪು ತಮ್ಮದೇ ಎಂದು ಕಂಡಕಂಡವರಲ್ಲಿ ಕ್ಷಮೆ ಬೇಡಿದರು. ಕೊನೆಗೆ ಅಲ್ಲಿಯವರು ಗಂಟನ್ನು ಸುಟ್ಟು ಕಂಟೇನರ್ ಬಿಟ್ಟರು.

ಉದ್ಯಮಬಾಗವೆಲ್ಲ ನಕ್ಕಿತು. ನಾನು ಬಿಟ್ಟೇನೆಯೇ? ರಾಮತೀರ್ಥ ನಗರದ ಅವರ ಮನೆಗೇ ಹೋಗಿ ಕೆಣಕಿದೆ: "ಮಾಮಾ, ಮಗಳು ಬಾಣಂತನಕ್ಕ ಯಾವಾಗ ಬರ್ತಾಳ್ರಿ?"

ಮಾವ ಬಿದ್ದುಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಚಹಾದ ಕಪ್ಪು ನನ್ನ ಮುಂದಿಟ್ಟು, ಮೆಲ್ಲಗೆ ಅಂದರು: "ಅದನ್ನ ಇಟ್ಟಾಕಿ ನಾನಪಾ. ಅಷ್ಟ ದೂರ ಹೊಂಟೈತಿ, ಬರಿಗೈಲೆ ಹೆಂಗ ಕಳಸೂದು ಅನಿಸ್ತು."

"ಏ, ನೀ ಸುಮ್ಮನಿರು," ಎಂದರು ಮಾವ. "ನನ್ನ ಹುಚ್ಚ ಊರಿಗೆಲ್ಲಾ ಗೊತ್ತೈತಿ. ಅದರಾಗ ಇದೂ ಒಂದು ಹಿಡಸ್ತೈತಿ."

ಆಮೇಲೆ ಅತ್ತೆಯ ಕಡೆ ಸ್ವಲ್ಪ ಸರಿದು ಕುಳಿತು, ದನಿ ತಗ್ಗಿಸಿದರು:

"ಮುಂದಿನ ಸಲ ಬರೇ ಕುಂಕಮಾ ಹಚ್ಚು. ಅದಕ್ಕ ಹುಳಾ ಹತ್ತೂದಿಲ್ಲ."