ಹೊಂಗೆ ಮರದ ಪೇಷೆಂಟು

ಮಲ್ಲಾಜಮ್ಮ: ಈ ಸಲ ನಾನಂತೂ ಒಳೀಕೆ ಓಗಕಿಲ್ಲ. ಬೇಕಾದ್ರೆ ನೀವೇ ಓಗಿ ತೋರಿಸ್ಕಳಿ.

ಬೆಟ್ಟಸ್ವಾಮಿ: ನಾನು ಓಗಂಗಿದ್ರೆ ನಿನ್ನ ಯಾಕೆ ಕರ್ಕಂಡು ಬತ್ತಿದ್ದೆ? ಮೆಟ್ಲು ಕಾಣ್ತಾ ಇಲ್ವಾ?

ಮಲ್ಲಾಜಮ್ಮ: ಚೆನ್ನಾಗೇ ಕಾಣ್ತಾ ಅವೆ. ಓದ್ಸಲ ಆ ಮೆಟ್ಲು ಅತ್ಕಂಡು ಓಗಿ ಬೈಸ್ಕಂಡು ಬಂದೋಳು ನಾನೇ ಅಲ್ವಾ. ‘ಉಪ್ಪು ಬಿಡಿ ಅಂದ್ರೆ ಬಿಟ್ಟಿಲ್ವೇನಮ್ಮ’ ಅಂತ ಡಾಕ್ಟ್ರು ಎಲ್ಲಾರ ಎದುರ್ಗೂ ರೇಗಿದ್ರು. ಉಪ್ಪು ಬುಟ್ಟು ಉಣ್ತಿರೋರು ನೀವು, ಬೈಗುಳ ಉಣ್ಣೋಳು ನಾನು.

ಈ ಜಗಳ ನಡೆಯುತ್ತಿದ್ದದ್ದು ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ, ಆರೋಗ್ಯ ಕೇಂದ್ರದ ಮುಂದಿನ ಹೊಂಗೆ ಮರದ ಕೆಳಗೆ. ಊರಿನ ಹೆಸರು ಬೇಡ. ಅಂಥ ಮೆಟ್ಟಿಲುಗಳಿಗೇನೂ ಬರವಿಲ್ಲ. ಬೆಟ್ಟಸ್ವಾಮಿ ತನ್ನ ಮೂರು ಗಾಲಿಯ ಕೈಗಾಡಿಯ ಮೇಲೆ ಕೂತಿದ್ದ. ಚಿಕ್ಕಂದಿನಲ್ಲಿ ಬಂದ ಪೋಲಿಯೋ ಅವನ ಎರಡು ಕಾಲನ್ನೂ ತೆಗೆದುಕೊಂಡು, ಬಾಯನ್ನು ಮಾತ್ರ ಮರೆತು ಬಿಟ್ಟುಹೋಗಿತ್ತು. ಆ ಬಾಯಿಯ ಬಲದಲ್ಲೇ ಅವನು ಬಸ್‌ಸ್ಟ್ಯಾಂಡಿನ ಪಕ್ಕ ಎಸ್.ಟಿ.ಡಿ. ಬೂತ್ ನಡೆಸುತ್ತಿದ್ದ. ಮೊಬೈಲು ಇನ್ನೂ ದೊಡ್ಡವರ ಸೊಂಟದಲ್ಲಷ್ಟೇ ತೂಗಾಡುತ್ತಿದ್ದ ಕಾಲ. ಅಂಗವಿಕಲರ ಕೋಟಾದಲ್ಲಿ ಬೂತು ಸಿಕ್ಕ ಮೇಲೆ ‘ಕುಂಟ ಬೆಟ್ಟ’ ಎನ್ನುತ್ತಿದ್ದ ಊರು ‘ಬೂತ್ ಬೆಟ್ಟಸ್ವಾಮಿ’ ಎನ್ನತೊಡಗಿತ್ತು. ಹೆಸರಿನ ಮುಂದೆ ತಾನೇ ಸಂಪಾದಿಸಿದ ಒಂದೇ ಒಂದು ಪದ ಅದು.

ಈಗ ಅದಕ್ಕೇ ಸಂಚಕಾರ ಬಂದಿತ್ತು. ಯುಗಾದಿಯ ಹೊತ್ತಿಗೆ ಶುರುವಾದದ್ದು ಬರೀ ತಲೆನೋವು. ಔಷಧಿ ತಂದ ಮೇಲೆ ತಲೆನೋವು ಹೋಗಿ ತಲೆಸುತ್ತು ಬಂತು. ಗೌರಿ ಹಬ್ಬ ಕಳೆಯುವಷ್ಟರಲ್ಲಿ ಫೋನಿನ ಮೀಟರಿನ ಅಂಕಿಗಳು ಒಂದಿದ್ದದ್ದು ಎರಡಾಗಿ ಕಾಣುತ್ತಿದ್ದವು. ನಿನ್ನೆ ಕೊಳ್ಳೇಗಾಲ ಕೇಳಿದವರಿಗೆ ಎಲ್ಲಿಗೋ ನಂಬರು ಒತ್ತಿಕೊಟ್ಟು, ಆ ಕಡೆಯವರು ಹಿಂದಿಯಲ್ಲಿ ಬೈದಾಗಲೇ ಅವನಿಗೆ ತಪ್ಪು ಗೊತ್ತಾದದ್ದು. ಆಮೇಲೆ ಸ್ಟೂಲಿನಿಂದ ಉರುಳಿದ. ತಮ್ಮ ಗಂಗಾಧರಸ್ವಾಮಿ ಎತ್ತಿ ಕೂರಿಸಿ, “ಅಣ್ಣ, ನೀನು ರೆಸ್ಟ್ ತಕ. ಬೂತಿನ ಬೀಗದ ಕೈ ನಂಗೆ ಕೊಡು” ಎಂದಿದ್ದ. ಆಸ್ಪತ್ರೆಗೆ ಹೋಗಿ ಬಂದು ಹೇಳುತ್ತೇನೆ ಎಂದು ಬೆಟ್ಟಸ್ವಾಮಿ ಒಂದು ದಿನದ ವಾಯಿದೆ ತೆಗೆದುಕೊಂಡಿದ್ದ. ಬೀಗದ ಕೈ ಒಮ್ಮೆ ಹೋದರೆ ಬೂತೂ ಹೋದಂತೆ, ಅದು ಅವನಿಗೆ ಗೊತ್ತಿತ್ತು.

ಬೆಟ್ಟಸ್ವಾಮಿ: ತಲೆಸುತ್ತು ಇನ್ನೂ ಜಾಸ್ತಿ ಆಗದೆ ಅಂತ ಏಳು. ಅಷ್ಟೇಯ.

ಮಲ್ಲಾಜಮ್ಮ: ಎಡಕ್ಕೆ ಸುತ್ತದಾ ಬಲಕ್ಕೆ ಸುತ್ತದಾ ಅಂತ ಕೇಳಿದ್ರೆ?

ಬೆಟ್ಟಸ್ವಾಮಿ: ಪ್ರದಕ್ಷಿಣೆ ಬಂದಂಗೆ ಅಂತ ಏಳು.

ಮಲ್ಲಾಜಮ್ಮ: ಓದ್ಸಲ ತಲೆಸುತ್ತು ಅಂದಿದ್ಕೆ ಒಂದು ಮಾತ್ರೆ ಎರಡಾಯ್ತು. ಈಗ್ಲೂ ಅಂದ್ರೆ ಮೂರಾಯ್ತದೆ. ಒಸಿ ಪರವಾಗಿಲ್ಲ ಅಂತ ಏಳ್ಬುಡ್ಲಾ? ಕಮ್ಮಿ ಆದ್ರೂ ಆಯ್ತದೆ.

ಬೆಟ್ಟಸ್ವಾಮಿ: ಯಾವ್ದು, ಕಾಯ್ಲೆಯಾ ಮಾತ್ರೆಯಾ?

ಮಲ್ಲಾಜಮ್ಮ: ಎರಡ್ರಾಗೆ ಯಾವ್ದಾದ್ರೂ.

ಅಷ್ಟರಲ್ಲಿ ಆಸ್ಪತ್ರೆಯ ಕಾಂಪೌಂಡರ್ ಸಣ್ಣಯ್ಯ ಹೊರಗೆ ಬಂದ. ಇಷ್ಟು ದಿನ ಕಿಟಕಿಯಿಂದ ಕೈ ಚಾಚಿ ಬೆಟ್ಟಸ್ವಾಮಿಗೆ ಮಾತ್ರೆ ಕೊಡುತ್ತಿದ್ದವನು ಅವನೇ.

ಸಣ್ಣಯ್ಯ: ಸ್ವಾಮೇರೆ, ಇವತ್ತು ಅಮ್ಮಾವ್ರು ಓದ್ರೆ ನಡೆಯಕಿಲ್ಲ. ಅಳೇ ಡಾಕ್ಟ್ರು ಟ್ರಾನ್ಸ್‌ಫರ್ ಆದ್ರು. ಒಸಬ್ರು ಬಂದವ್ರೆ, ಲೇಡಿ ಡಾಕ್ಟ್ರು. ಪೇಷೆಂಟಿನ ಮೊಖ ನೋಡ್ದೆ ಮಾತ್ರೆ ಕೊಡಕಿಲ್ವಂತೆ.

ಬೆಟ್ಟಸ್ವಾಮಿ: ಮೊಖ ತಾನೆ? ಅಂಗವಿಕಲರ ಕಾರ್ಡಿಗೆ ತೆಗ್ಸಿದ ಫೋಟೋ ಅದೆ. ಕೊಟ್ಟು ಕಳುಸ್ಲಾ?

ಸಣ್ಣಯ್ಯ: ತಮಾಸೆ ಬುಡಿ. ಇನ್ನೊಬ್ಬನ್ನ ಕರೀತೀನಿ, ಇಬ್ರು ಸೇರಿ ಎತ್ಕಂಡು ಓಯ್ತೀವಿ.

ಬೆಟ್ಟಸ್ವಾಮಿ: ಬ್ಯಾಡ ಕಣಪ್ಪ. ಒಂದ್ಸಲ ಎತ್ಕಂಡು ಓಗಿದ್ದೇ ಈ ಜನ್ಮಕ್ಕೆ ಸಾಕು.

ಆ ಒಂದು ಸಲ ಅವನಿಗೆ ಕಿವಿನೋವು ಬಂದಿತ್ತು. ಇಬ್ಬರು ರಾಗಿ ಮೂಟೆಯಂತೆ ಹೊತ್ತು, ಖಾಲಿಯಿದ್ದ ಒಂದೇ ಮಂಚದ ಮೇಲೆ ಕೆಡವಿದ್ದರು. ಅದು ಹೆರಿಗೆ ವಾರ್ಡಿನ ಮಂಚ. ಪಕ್ಕದ ಬಾಣಂತಿಯ ಅತ್ತೆ ಅವನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಡಾಕ್ಟರು ಬಂದವರು ಕಾಲು ನೋಡಿ, “ಯಾವಾಗಿನಿಂದ ಹೀಗೆ?” ಎಂದರು. “ಚಿಕ್ಕೋನಿದ್ದಾಗಿಂದ ಸಾ” ಎಂದ. “ಛೆ, ಇದಕ್ಕೆ ಇನ್ನೇನೂ ಮಾಡೋಕಾಗಲ್ಲಪ್ಪ” ಎಂದು ಮರುಗಿ ಮುಂದಿನ ಮಂಚಕ್ಕೆ ಹೋದರು. ಕಿವಿಯನ್ನು ಯಾರೂ ವಿಚಾರಿಸಲಿಲ್ಲ; ಅದು ಕಾದು ಕಾದು ಬೇಜಾರಾಗಿ ತಾನೇ ವಾಸಿಯಾಯಿತು. ಅವತ್ತೇ ಬೆಟ್ಟಸ್ವಾಮಿ ನಂಜುಂಡೇಶ್ವರನ ಆಣೆ ಹಾಕಿ, ಈ ಮೆಟ್ಟಿಲು ಹತ್ತುವುದಿಲ್ಲ ಎಂದುಬಿಟ್ಟ. ಮಾನ ಎನ್ನುವುದು ಕಾಲಿಲ್ಲದವನಿಗೂ ಇರುತ್ತದೆ. ಅವನಿಗೆ ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಅಂದಿನಿಂದ ಗಂಡ ಮರದ ಕೆಳಗೆ, ಹೆಂಡತಿ ಡಾಕ್ಟರ ಮುಂದೆ, ಇದೇ ವಾಡಿಕೆ.

ಮಲ್ಲಾಜಮ್ಮ: ಓದ್ ವರ್ಷ ಮೈಸೂರಿಂದ ಜೀಪಲ್ಲಿ ಬಂದೋರು, ಅಂಗವಿಕಲರಿಗೆ ಇಲ್ಲಿ ಎಂಗೆ ನೋಡ್ತರೆ ಅಂತ ಕೇಳಿದ್ರಲ್ಲ, ಆವಾಗ ಬಾಯಿ ಬುಟ್ಟು ಏಳ್ಬೇಕಾಗಿತ್ತು. ಏನಂದ್ರಿ ನೀವು? ‘ಭಾಳ ತೃಪ್ತಿ ಸಾ’ ಅಂದ್ರಿ.

ಬೆಟ್ಟಸ್ವಾಮಿ: ನಾನು ಕಂಡಿರೋದು ಈ ಹೊಂಗೆ ಮರ ಒಂದೇ. ನೆರಳು ಚೆನ್ನಾಗದೆ. ಸುಳ್ಳು ಏಳ್ಬೇಕಾಗಿತ್ತಾ?

ಸಣ್ಣಯ್ಯ: ಅವ್ರು ನೂರಕ್ಕೆ ನೂರು ತೃಪ್ತಿ ಅಂತ ಬರ್ಕಂಡು ಓದ್ರು. ಕೇಳಿದ್ದು ನಿಮ್ಮೊಬ್ರನ್ನೇಯ.

ಹೊಸ ಡಾಕ್ಟರು ಸಿಂಧು ಈ ಗಲಾಟೆ ಕೇಳಿಸಿಕೊಂಡು ಕುತ್ತಿಗೆಗೆ ಸ್ಟೆತಾಸ್ಕೋಪು, ಕಂಕುಳಿಗೆ ಬಿ.ಪಿ. ಪೆಟ್ಟಿಗೆ ಸಿಕ್ಕಿಸಿಕೊಂಡು ತಾವೇ ಇಳಿದು ಬಂದರು. ಚಿಕ್ಕ ವಯಸ್ಸು, ಮೈಸೂರಿನ ಕಡೆಯ ಮಾತು. ಬಂದವರು ಗಾಡಿಯ ಮುಂದೆ ನಿಂತು ಎಲ್ಲರಂತೆ ಮೊದಲು ಕಾಲನ್ನೇ ನೋಡಿದರು.

ಡಾ. ಸಿಂಧು: ಇದು ಯಾವಾಗಿನಿಂದ ಹೀಗೆ?

ಬೆಟ್ಟಸ್ವಾಮಿ: ಕಾಲಿನ ಸುದ್ದಿ ಬುಡಿ ಡಾಕ್ಟ್ರೇ. ಅದು ಇವತ್ತಿನ ಗಂಟ ತಲೆ ಸುತ್ತದೆ ಅಂತ ಕಂಪ್ಲೇಂಟ್ ಏಳಿಲ್ಲ.

ಡಾಕ್ಟರ ಮುಖ ಸ್ವಲ್ಪ ಕೆಂಪಾಯಿತು. ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು.

ಡಾ. ಸಿಂಧು: ಬಿ.ಪಿ. ತುಂಬಾ ಕಮ್ಮಿ ಇದೆಯಲ್ಲ. ಏನು ಮಾತ್ರೆ ತಗೋತಿದ್ದೀರಿ?

ಮಲ್ಲಾಜಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆ ತೋರಿಸಿದಳು.

ಡಾ. ಸಿಂಧು: ಇದು ಬಿ.ಪಿ. ಇಳಿಸೋ ಮಾತ್ರೆ. ಅದಕ್ಕೇ ತಲೆ ಸುತ್ತುತ್ತಿರೋದು. ನಿಮಗೆ ಬಿ.ಪಿ. ಜಾಸ್ತಿ ಅಂತ ಯಾರು ಹೇಳಿದ್ದು?

ಬೆಟ್ಟಸ್ವಾಮಿ: ಅಳೇ ಡಾಕ್ಟ್ರು. ನೋಡೇ ಏಳಿದ್ದು. ಪ್ರತಿ ಸಲಾನೂ ನೋಡಿದ್ರು.

ಡಾ. ಸಿಂಧು: ಅವರು ಹೀಗೆ ಮರದ ಕೆಳಗೆ ಬಂದು ನೋಡ್ತಿದ್ರಾ?

ಬೆಟ್ಟಸ್ವಾಮಿ: ಇಲ್ಲ, ಒಳಗೇ.

ಡಾ. ಸಿಂಧು: ನೀವು ಒಳಗೆ ಬರೋದೇ ಇಲ್ಲ ಅಂತ ಈಗ ತಾನೇ ಕೇಳಿಸ್ತಲ್ಲ. ಮತ್ತೆ ಯಾರ ಬಿ.ಪಿ. ನೋಡಿದ್ರು?

ಬೆಟ್ಟಸ್ವಾಮಿ ತನ್ನ ತೋಳನ್ನು ನೋಡಿಕೊಂಡ. ಆ ಪಟ್ಟಿ ಅದಕ್ಕೆ ಸುತ್ತಿಕೊಂಡದ್ದು ಇವತ್ತೇ ಮೊದಲು. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಸಣ್ಣಯ್ಯ ಹೊಂಗೆ ಮರದಲ್ಲಿ ಹಕ್ಕಿ ಹುಡುಕತೊಡಗಿದ.

ಮಲ್ಲಾಜಮ್ಮ: ಕೈ ಕೊಡಿ ಅಂದ್ರು. ಕೊಟ್ಟೆ.

ಡಾ. ಸಿಂಧು: ನಿಮ್ಮ ಕೈ ಯಾಕಮ್ಮ ಕೊಟ್ರಿ?

ಮಲ್ಲಾಜಮ್ಮ: ಇವರ ಕೈ ಇಲ್ಲಿತ್ತಲ್ಲ ಡಾಕ್ಟ್ರೇ.

ಡಾ. ಸಿಂಧು: ಕಾಯಿಲೆ ನಂದಲ್ಲ, ಯಜಮಾನರದು ಅಂತ ಹೇಳಬಾರದಾ?

ಮಲ್ಲಾಜಮ್ಮ: ಇಂದ್ಗಡೆಯಿಂದ ಜನ ನೂಕ್ತಾ ಇದ್ರು. ಅಲ್ದೆ ದೇವಸ್ಥಾನದಲ್ಲಿ ಇವರ ನಕ್ಷತ್ರಕ್ಕೆ ಅರ್ಚನೆ ಮಾಡಿಸ್ತೀನಿ. ಇವರು ಬೂತಲ್ಲಿರ್ತರೆ. ಮಂಗಳಾರತಿ ತಕಳೋಳು ನಾನು, ಒಳ್ಳೇದು ಇವರಿಗೆ ಆಯ್ತದೆ. ಇಲ್ಲೂ ಅಂಗೇ ಅನ್ಕಂಡೆ.

ಬೆಟ್ಟಸ್ವಾಮಿ: ನಂಜುಂಡೇಶ್ವರನದು ಡೈರೆಕ್ಟ್ ಲೈನ್ ಕಣೇ. ಈ ಮೆಷಿನ್ನು ಲೋಕಲ್ಲು.

ಅವನಿಗೆ ನಗು ತಡೆಯಲಾಗಲಿಲ್ಲ. ಯುಗಾದಿಯಿಂದ ಅವನು ಉಂಡ ಸಪ್ಪೆ ಸಾರು, ಸಪ್ಪೆ ಮುದ್ದೆ, ಉಪ್ಪಿಲ್ಲದ ಅವರೆಕಾಳು ಎಲ್ಲ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಎದುರಿಗೇ ಕೂತು ಇವಳು ಮಾವಿನ ಉಪ್ಪಿನಕಾಯಿ ನೆಂಚಿಕೊಳ್ಳುತ್ತಿದ್ದಳು.

ಬೆಟ್ಟಸ್ವಾಮಿ: ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತರಲ್ಲ, ಆ ಎಮ್ಮೆ ನಾನೇ ಕಣಯ್ಯ ಸಣ್ಣಯ್ಯ.

ಸಣ್ಣಯ್ಯ: ಎಮ್ಮೆನೂ ಸುಮ್ಕೆ ಹಾಕುಸ್ಕಳಕಿಲ್ಲ ಸ್ವಾಮಿ, ಒದೀತದೆ.

ಬೆಟ್ಟಸ್ವಾಮಿ: ಒದೆಯಕ್ಕೆ ಕಾಲು ಎಲ್ಲದೆ?

ಎಲ್ಲರೂ ನಕ್ಕರು, ಡಾಕ್ಟರೊಬ್ಬರನ್ನು ಬಿಟ್ಟು. ಅವರು ಆಗಲೇ ಮಲ್ಲಾಜಮ್ಮನ ತೋಳಿಗೆ ಪಟ್ಟಿ ಸುತ್ತಿದ್ದರು. ಒಂದು ಸಲ ನೋಡಿದರು. ಗಾಳಿ ಬಿಟ್ಟು ಮತ್ತೊಂದು ಸಲ ನೋಡಿದರು.

ಡಾ. ಸಿಂಧು: ಅಮ್ಮ, ತಲೆನೋವು ಬರುತ್ತಾ? ಎದೆ ಹೊಡ್ಕೊಳ್ಳುತ್ತಾ?

ಮಲ್ಲಾಜಮ್ಮ: ಬೆಳಗಾಗೆದ್ರೆ ಕತ್ತಿನ ತಾವ ಇಡ್ಕತದೆ. ಮೆಟ್ಲತ್ತುವಾಗ ಎದೆ ಡವಡವ ಅಂತದೆ. ಇವರ ಯೋಚ್ನೆಗೆ ಅನ್ಕಂಡೆ.

ಡಾ. ಸಿಂಧು: ಯಾರಿಗೂ ಹೇಳಲಿಲ್ವಾ?

ಮಲ್ಲಾಜಮ್ಮ: ಡಾಕ್ಟ್ರತ್ರ ಏಳದು ಇವರ ಕಾಯ್ಲೆ ಅಲ್ವಾ. ನಂದು ಯಾಕೆ ಮಧ್ಯದಲ್ಲಿ?

ಡಾ. ಸಿಂಧು: ಒಳಗೆ ಬನ್ನಿ. ಬಿ.ಪಿ. ಜಾಸ್ತಿ ಇರೋದು ನಿಮಗೇ. ಮಲಗಿಸಿ ಇನ್ನೊಂದ್ಸಲ ನೋಡಬೇಕು. ಇವತ್ತಿಂದಲೇ ಮಾತ್ರೆ ಶುರು. ಇದನ್ನ ಹೀಗೇ ಬಿಟ್ಟರೆ ಲಕ್ವ ಹೊಡೆಯುತ್ತೆ.

ಬೆಟ್ಟಸ್ವಾಮಿಯ ನಗು ಅಲ್ಲಿಗೇ ನಿಂತಿತು. ಎಲ್ಲರೂ ನನ್ನ ಕಾಲನ್ನಷ್ಟೇ ನೋಡುತ್ತಾರೆ, ಕಾಲಿನ ಮೇಲಿರುವ ಮನುಷ್ಯನನ್ನು ನೋಡುವುದಿಲ್ಲ ಎಂದು ಅವನು ಬೂತಿಗೆ ಬಂದವರಿಗೆಲ್ಲ ಭಾಷಣ ಮಾಡುತ್ತಿದ್ದ. ತಾನೂ ನೋಡಿಕೊಂಡದ್ದು ತನ್ನ ತಲೆಯನ್ನು ಮಾತ್ರ. ತನ್ನ ಆಣೆಯನ್ನು ಉಳಿಸಲು ಇವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದುದನ್ನು ಇದೇ ಮರದ ನೆರಳಿನಲ್ಲಿ ತಣ್ಣಗೆ ಕೂತು ನೋಡಿದ್ದ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಮಲ್ಲಾಜಮ್ಮ: ಅಯ್ಯೋ, ಮಲಗಿಸ್ತರಂತೆ. ನಾನೊಬ್ಳೇ ಒಳೀಕೆ ಓಗಕಿಲ್ಲ.

ಬೆಟ್ಟಸ್ವಾಮಿ: ನಡಿ. ಮನೇಲಿರೋದು ಒಂದೇ ಗಾಡಿ. ಇಬ್ರು ಕೂರಕ್ಕಾಗಕಿಲ್ಲ.

ಎಂದವನು ಗಾಡಿಯಿಂದ ಕೆಳಕ್ಕೆ ಜಾರಿದ. ಕೈಯೂರಿಕೊಂಡು ಮೆಟ್ಟಿಲವರೆಗೂ ಹೋಗಿ, ಬೆನ್ನನ್ನು ಬಾಗಿಲಿನ ಕಡೆ ತಿರುಗಿಸಿ, ಅಂಗೈ ಒತ್ತಿ ಮೊದಲ ಮೆಟ್ಟಿಲ ಮೇಲೆ ಕೂತ. ಆಮೇಲೆ ಅದರ ಮೇಲಿನದು. ತಲೆ ಪ್ರದಕ್ಷಿಣೆ ಬಂದಾಗ ನಿಲ್ಲುತ್ತಿದ್ದ. ಎದುರಿನ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ಇಷ್ಟು ದಿನ ಯಾವುದಕ್ಕೆ ಹೆದರಿದ್ದನೋ ಅದೇ ಆಗುತ್ತಿತ್ತು, ಆದರೆ ಮೇಲೆ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತವಳ ಮುಂದೆ ಅದು ಅಂಥ ದೊಡ್ಡ ವಿಷಯವೆನಿಸಲಿಲ್ಲ.

ಸಣ್ಣಯ್ಯ: ಎತ್ಕಳ್ಳಲಾ ಸ್ವಾಮಿ?

ಬೆಟ್ಟಸ್ವಾಮಿ: ಬ್ಯಾಡ. ಗಾಡಿ ಮೇಲೆ ಒಂದು ಕಣ್ಣಿಡು.

ಡಾ. ಸಿಂಧು: ಇಲ್ಲೊಂದು ಇಳಿಜಾರು ಮಾಡಿಸಬೇಕು. ನಾನು ಮೇಲಿನವರಿಗೆ ಬರೀತೀನಿ.

ಬೆಟ್ಟಸ್ವಾಮಿ: ಬರೀರಿ ಡಾಕ್ಟ್ರೇ. ಓದ್ ವರ್ಷ ಕೊಟ್ಟಿದ್ದ ತೃಪ್ತಿ ವಾಪಸ್ ತಕಂಡಿವ್ನಿ ಅಂತಾನೂ ಬರೀರಿ.

ಒಳಗೆ ಜನ ಗಿಜಿಗುಟ್ಟುತ್ತಿದ್ದರು. ಸಾಲಿನಲ್ಲಿದ್ದ ಮುದುಕಿ ಮುತ್ತಮ್ಮ ನೆಲದ ಮೇಲಿದ್ದ ಅವನನ್ನು ಕಂಡು, “ಪಾಪ, ಕಾಲಿಲ್ಲದೋನು. ದಾರಿ ಬುಡ್ರಪ್ಪ, ಮೊದ್ಲು ಅವನ್ನ ನೋಡ್ಲಿ” ಎಂದಳು.

ಬೆಟ್ಟಸ್ವಾಮಿ: ಇವತ್ತು ನಾನು ಪೇಷೆಂಟಲ್ಲ ಕಣವ್ವ, ಪೇಷೆಂಟ್ ಕಡೆಯೋನು.

ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಜಂಬವಿತ್ತು. ಮಲ್ಲಾಜಮ್ಮ ಹೆರಿಗೆ ವಾರ್ಡಿನ ಅದೇ ಮಂಚದ ಮೇಲೆ ಸೂರು ನೋಡುತ್ತ ಮಲಗಿದ್ದಳು. ಅವನು ಮಂಚದ ಕಾಲಿಗೆ ಒರಗಿ ಕೂತ.

ಮಲ್ಲಾಜಮ್ಮ: ಬೀಗದ ಕೈ ನಿಮ್ಮ ತಮ್ಮನಿಗೆ ಕೊಡ್ತೀರಾ?

ಬೆಟ್ಟಸ್ವಾಮಿ: ಯಾಕ್ ಕೊಡ್ಲಿ? ಮಾತ್ರೆ ಬುಟ್ರೆ ತಲೆಸುತ್ತು ನಿಂತ್ಕತದಂತೆ. ನೀನೀಗ ಆ ಉಪ್ಪಿನಕಾಯಿ ಭರಣಿ ಎಲ್ಲಿ ಬಚ್ಚಿಟ್ಟಿದ್ದೀ ಅದನ್ನ ಏಳು.

ಮಲ್ಲಾಜಮ್ಮ: ಅಟ್ಟದ ಮೇಲೆ. ನಿಮಗೆ ಎಟುಕ್ಬಾರ್ದು ಅಂತ. ಸಂಜೆ ಅತ್ತಿ ಇಳಿಸಿ ಕೊಡ್ತೀನಿ.

ಬೆಟ್ಟಸ್ವಾಮಿ: ಏನೂ ಬ್ಯಾಡ, ಅಲ್ಲೇ ಇರ್ಲಿ. ಇನ್ಮ್ಯಾಕೆ ಅತ್ತೋದು ಇಳಿಯೋದು ನನ್ನ ಡ್ಯೂಟಿ. ನೀನು ಸಪ್ಪೆ ಸಾರು ಉಣ್ಣು.