ಒಬ್ಬಳೇ ಅರ್ಪಿತ, ಐದು ದಾಖಲೆ

ಇಂದ:
ನಿಂಗರಾಜು, ಬಿಂಡಿಗನವಿಲೆ, ನಾಗಮಂಗಲ ತಾಲ್ಲೂಕು
(ಬರೆದುಕೊಟ್ಟವರು: ಸುಬ್ಬಣ್ಣ, ನಿವೃತ್ತ ಮೇಷ್ಟ್ರು)

ಗೆ:
ವ್ಯವಸ್ಥಾಪಕರು, ಬಾಸಿಂಗಬಲ ವಧೂವರರ ಜಾಲತಾಣ, ಪಾಂಡವಪುರ

ವಿಷಯ: ಒಬ್ಬಳೇ ಮಗಳು ತಮ್ಮಲ್ಲಿ ಐವರಾಗಿರುವ ಬಗ್ಗೆ.

ಉಲ್ಲೇಖ: ಬೀಗಿತ್ತಿಯಾಗಬೇಕಿದ್ದ ಜಯಲಕ್ಷ್ಮಮ್ಮನವರ ಫೋನು, ಸೋಮವಾರ.

ಮಾನ್ಯರೇ,

ಅರ್ಜಿದಾರ ನಿಂಗರಾಜು ಅವರಿಗೆ ಇರುವುದು ಒಬ್ಬಳೇ ಮಗಳು, ಅರ್ಪಿತ. ಇದಕ್ಕೆ ಊರೇ ಸಾಕ್ಷಿ.

1. ಸದರಿಯವರು ಮಗಳ ವಿವರವನ್ನು ತಮ್ಮ ಫಾರಂನಲ್ಲಿ ತುಂಬಿ "ಸಲ್ಲಿಸಿ" ಎಂಬುದನ್ನು ಒತ್ತಿದ್ದು ಮಂಗಳವಾರ ಮಧ್ಯಾಹ್ನ ಮೂರೂವರೆಗೆ. ಕೂಡಲೇ ಅವರ ತಾಯಿ ಚಿಕ್ಕಬೋರಮ್ಮನವರು, "ಅಯ್ಯೋ ನಿನ್ ಮನೆ ಕಾಯ್ವಾಗ! ರಾವುಕಾಲ ಕಣ್ಲಾ! ಅದು ಲೆಕ್ಕಕ್ಕಿಲ್ಲ, ನಾಳೀಕೆ ಇನ್ನೊಂದ್ ಕಿತ ಒತ್ತು" ಎಂದು ಆದೇಶಿಸಿದರು. ಬುಧವಾರ ಒತ್ತುವಾಗ ಬೆಕ್ಕು ಅಡ್ಡ ಬಂದ ಕಾರಣ ಗುರುವಾರ, ಗುರುವಾರ ಖುದ್ದು ಅರ್ಜಿದಾರರೇ ಸೀನಿದ ಕಾರಣ ಶುಕ್ರವಾರ. ಶುಕ್ರವಾರದ್ದು ಚೆನ್ನಾಗಿಯೇ ಇತ್ತು, ಎತ್ತರ ಮಾತ್ರ ಐವತ್ತಡಿ ಎಂದು ಬಿದ್ದಿತ್ತು. ಆದ್ದರಿಂದ ಶನಿವಾರ ಮತ್ತೊಂದು.

2. ಹಳೆಯದನ್ನೇ ತಿದ್ದಬಹುದೆಂದು ಸದರಿಯವರಿಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಅದೇ ಫೋಟೊ, ಅದೇ ಹುಟ್ಟಿದ ದಿನ, ಅದೇ ಫೋನ್ ನಂಬರು ಐದು ಸಲ ಬಂದರೂ ತಮ್ಮ ಕಂಪ್ಯೂಟರಿಗೆ "ಈ ಹುಡುಗಿ ಆಗಲೇ ಇದ್ದಾಳಲ್ಲ" ಅನ್ನಿಸಬೇಡವೇ? ಅದು ದಿನಕ್ಕೊಬ್ಬಳಂತೆ ಹಡೆಯುತ್ತಾ ಹೋಯಿತು.

3. ಈ ಮಧ್ಯೆ ಮಾಕವಳ್ಳಿಯ ಲೋಕೇಶ್ ಬಂದು ಹೆಣ್ಣು ನೋಡಿ ಒಪ್ಪಿ, ನಿಶ್ಚಿತಾರ್ಥ ಬರುವ ಶುಕ್ರವಾರವೆಂದು ಗೊತ್ತಾಯಿತು. ಹೀಗಿರಲಾಗಿ, ಅವರ ತಾಯಿ ಜಯಲಕ್ಷ್ಮಮ್ಮನವರು ಜಾಲತಾಣ ನೋಡಿ ಹೌಹಾರಿದರು. "ಒಂದೇ ದಿನ ಅಯ್ದು ಎಣ್ಣು ಉಟ್ಟವ್ರಲ್ಲಪ್ಪೋ! ನಾಕ್ ಜನ ನಾದಿನೀರ ಮದ್ವೆ ನಿನ್ ತಲೆ ಮ್ಯಾಲೇ ಕಣ್ಲಾ. ಬ್ಯಾಡ ಬುಡು!" ಎಂದು ಮಗನಿಗೆ ಹೇಳಿ, ಅರ್ಜಿದಾರರಿಗೆ ಫೋನು ಮಾಡಿ, "ಮಿಕ್ಕ ನಾಕ್ ಜನನ ಅವತ್ತು ಎಲ್ ಬಚ್ಚಿಟ್ಟಿದ್ರಿ ಯಜಮಾನ್ರೇ?" ಎಂದು ಕೇಳಿದ್ದಾರೆ.

4. ಅರ್ಪಿತ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. "ಆ ಉಡುಗ ನಂಗೆ ಇಷ್ಟ ಆಗವ್ನೆ ಕಣಪ್ಪ" ಎಂದಿದ್ದಾಳೆ.

ಆದ್ದರಿಂದ, ಶುಕ್ರವಾರದೊಳಗೆ ಐವರನ್ನೂ ಒಬ್ಬಳನ್ನಾಗಿ ಮಾಡಿಕೊಡಬೇಕು. "ಅಳಿಸಲಾಗಿದೆ" ಎಂದು ಮಾತ್ರ ಬರೆಯಕೂಡದು. ಹಸೆಗೆ ಕೂರುವ ಹೆಣ್ಣಿನ ಹೆಸರಿನ ಪಕ್ಕ ಅಂಥ ಮಾತು ಬೇಡವೆಂದು ಚಿಕ್ಕಬೋರಮ್ಮನವರ ತಕರಾರಿದೆ.

ತಮ್ಮ ವಿಶ್ವಾಸಿ, ಮತ್ತು ಒಬ್ಬಳೇ ಮಗಳ ತಂದೆ,
ನಿಂಗರಾಜು

ಅಡಕ:
1. ರೇಷನ್ ಕಾರ್ಡಿನ ಜೆರಾಕ್ಸು. ಹೆಣ್ಣುಮಕ್ಕಳ ಸಂಖ್ಯೆ ಗಮನಿಸುವುದು.
2. ಲೋಕೇಶ್ ಗುಟ್ಟಾಗಿ ಕಳಿಸಿದ ಚೀಟಿ: "ಅಯ್ದು ಜನ ಇದ್ರೂ ಸರಿ, ಅರ್ಪಿತನ್ನೇ ಮಾಡ್ಕತೀನಿ."

ಕಡೆಯ ಕೋರಿಕೆ: ಎರಡನೇ ಅಡಕವನ್ನು ಜಾಲತಾಣದಲ್ಲಿ ಹಾಕಬಾರದು. ಲೋಕೇಶ್ ಅವರ ತಾಯಿ ದಿನಾ ನೋಡುತ್ತಾರೆ.